ಮೈಲುತುತ್ತ ಕಲಸುವ ದಿನ

ಬಳ್ಳಾರಿಯ ಬ್ರೂಸ್‌ಪೇಟೆಯ ಹಿಂದಿನ ಓಣಿಯಲ್ಲಿ ನನ್ನ ಮನೆ. ಕುರುಗೋಡಿನ ಹತ್ತಿರ ಒಂದೂವರೆ ಎಕರೆ ಅಂಜೂರ ತೋಟ. ಯಜಮಾನರು ಇದ್ದಾಗ ವಾರಕ್ಕೆ ಮೂರು ದಿನ ಇಬ್ಬರೂ ಬಸ್ಸು ಹತ್ತಿ ಹೋಗುತ್ತಿದ್ದೆವು. ಮಕ್ಕಳಿಲ್ಲ. ಅವರು ತೀರಿಕೊಂಡ ಮೇಲೂ ನಾನು ಹೋಗುವುದು ಬಿಟ್ಟಿಲ್ಲ. ಕಿಟಕಿಯ ಪಕ್ಕ ಕೂತು, ಚೀಲವನ್ನು ಬಾಜೂ ಸೀಟಿಗೆ ಇಡುತ್ತೇನೆ. ಯಾರಾದರೂ ಕೇಳಿದರೆ ತೆಗೆಯುತ್ತೇನೆ.

ಮಳೆಗಾಲದ ಕೊನೆಗೆ ಅಂಜೂರದ ಎಲೆಯ ಹಿಂಬದಿಯಲ್ಲಿ ತುಕ್ಕಿನಂಥ ಕಂದು ಪುಡಿ ಕೂರುತ್ತದೆ. ಸುಮ್ಮನೆ ಬಿಟ್ಟರೆ ಎಲೆಯೆಲ್ಲ ಉದುರಿ ಗಿಡ ಬೋಳು. ಅದಕ್ಕೆ ಮೈಲುತುತ್ತ, ಸುಣ್ಣ ಕಲಸಿ ಹೊಡೆಯುತ್ತೇವೆ. ಮೈಲುತುತ್ತವೆಂದರೆ ತಾಮ್ರದ ಉಪ್ಪು. ನವಿಲಿನ ಕುತ್ತಿಗೆಯ ಬಣ್ಣ, ಕಲ್ಲುಸಕ್ಕರೆಯಂಥ ಹರಳು. ಸಿರುಗುಪ್ಪದ ತವರಿನಲ್ಲಿ ಅಪ್ಪ ಭತ್ತದ ಗದ್ದೆಯ ಪಾಚಿಗೆಂದು ಅದನ್ನು ಅರಿವೆಯಲ್ಲಿ ಗಂಟು ಕಟ್ಟಿ, ನೀರು ಒಳಬರುವ ಬಾಯಿಗೆ ಇಡುತ್ತಿದ್ದ. ಉಳಿದದ್ದನ್ನು ನಮ್ಮ ಕೈಗೆ ಎಟುಕದಂತೆ ಜಂತಿಗೆ ಸಿಕ್ಕಿಸುತ್ತಿದ್ದ. "ನಾಲಿಗಿಗೆ ಹಚ್ಚಿದ್ರಿ ಅಂದ್ರ ಕರುಳು ಬಾಯಿಗೆ ಬರ್ತಾವ ನೋಡ್ರಿ" ಎನ್ನುತ್ತಿದ್ದ. ಬರೀ ಹೆದರಿಕೆ ಅಂದುಕೊಂಡಿದ್ದೆವು. ಅಲ್ಲ. ಹೊಟ್ಟೆಗೆ ಹೋದರೆ ವಾಂತಿ ನಿಲ್ಲುವುದಿಲ್ಲ, ಮೂತ್ರಪಿಂಡವೇ ಕೆಡಬಹುದು.

ಹಿಂದಿನ ದಿನವೇ ಒಂದು ಪ್ಲಾಸ್ಟಿಕ್ ಬಕೀಟಿನಲ್ಲಿ ತುತ್ತ ನೆನೆಹಾಕಬೇಕು, ಇನ್ನೊಂದರಲ್ಲಿ ಸುಣ್ಣ. ಕಬ್ಬಿಣದ ಬಕೀಟು ನಡೆಯದು, ತುತ್ತ ಅದನ್ನು ತಿಂದುಬಿಡುತ್ತದೆ. ಮರುದಿನ ಎರಡನ್ನೂ ದೊಡ್ಡ ಡ್ರಮ್ಮಿಗೆ ಒಟ್ಟಿಗೇ ಸುರಿಯುವುದು ನಮ್ಮ ಪದ್ಧತಿ, ಧಾರೆಗೆ ಧಾರೆ ಕೂಡುವ ಹಾಗೆ. ಅದಕ್ಕೆ ಇಬ್ಬರು ಬೇಕು. ತುತ್ತದ ಬಕೀಟು ಅವರದು, ಸುಣ್ಣದ್ದು ನನ್ನದು. "ಹ್ಞಾಂ, ಬಿಡು... ಸಾವಕಾಶ... ನನ್ನ ಕೂಡ ಬಾ" ಎಂದು ಅವರು ಹೇಳುತ್ತಲೇ ಇರುತ್ತಿದ್ದರು. ಕೊನೆಗೆ ಕುಡುಗೋಲು ಅದ್ದಿ ನೋಡುವುದು. ಅಲಗಿಗೆ ಕೆಂಪು ಹಿಡಿದರೆ ತುತ್ತ ಜಾಸ್ತಿ, ಇನ್ನಷ್ಟು ಸುಣ್ಣ ಬೇಕು. ಹಿಡಿಯದಿದ್ದರೆ ಸರಿ ಹೋಯಿತು. ಮದುವೆಯಾದ ವರ್ಷದಿಂದ ಒಂದು ಸಲವೂ ಅವರು ನನ್ನನ್ನು ಬಿಟ್ಟು ಕಲಸಿದ್ದಿಲ್ಲ.

ಅವರು ಹೋದ ಮೇಲೆ ಕೂಲಿಯವರಿಂದ ಮಾಡಿಸಿದೆ. ಹೋದ ವರ್ಷ ಅವರೆಲ್ಲ ಮೆಣಸಿನ ಹೊಲಗಳಿಗೆ ಹೋದರು. ಎಲೆ ಉದುರುವುದು ಕಾಯುವುದಿಲ್ಲವಲ್ಲ. ಒಬ್ಬಳೇ ಕಲಸಲು ನಿಂತೆ. ಒಟ್ಟಿಗೇ ಸುರಿಯಬೇಕೆಂಬುದು ತಲೆಯಲ್ಲಿ ಕೂತುಬಿಟ್ಟಿತ್ತು. ಸುಣ್ಣದ ಬಕೀಟನ್ನು ಡ್ರಮ್ಮಿನ ಅಂಚಿಗೆ ಆನಿಸಿ ಎಡಗೈಯಲ್ಲಿ ಬಾಗಿಸಿದೆ. ಬಲಗೈಯಲ್ಲಿ ತುತ್ತದ್ದು ಎತ್ತಿದೆ. ತೋಳು ಸೋತಿತು. ಬಕೀಟು ಜಾರಿ ಡ್ರಮ್ಮಿನೊಳಗೆ ಬಿದ್ದದ್ದೇ, ನೀಲಿ ನೀರು ಎಡಗಣ್ಣಿಗೆ ರಾಚಿತು.

ನನ್ನ ಬಲಗಣ್ಣು ಚಿಕ್ಕಂದಿನಿಂದಲೇ ಮಂದ. ಅದರಲ್ಲಿ ಮನುಷ್ಯರು ಕಾಣುತ್ತಾರೆ, ಮುಖ ಕಾಣುವುದಿಲ್ಲ. ಬಸ್ಸಿನ ಬೋರ್ಡು, ಎಲೆಯ ತುಕ್ಕು, ಅಕ್ಕಿಯ ಕಲ್ಲು, ಎಲ್ಲವೂ ಎಡಗಣ್ಣಿನದೇ. ಅದು ಹೋದರೆ ಒಬ್ಬಳೇ ಬದುಕುವುದು ಅಲ್ಲಿಗೆ ಮುಗಿಯಿತು.

ಕರೆಂಟು ಇರಲಿಲ್ಲ, ಮೋಟರು ಓಡುವಂತಿಲ್ಲ. ಕುಡಿಯಲು ತಂದಿದ್ದ ಕೊಡಕ್ಕೆ ತಡಕಾಡಿದೆ. ರೆಪ್ಪೆ ಬಿಡಿಸಿ ಹಿಡಿಯಲು ಒಂದು ಕೈ, ಕೊಡ ಬಗ್ಗಿಸಲು ಎರಡು ಕೈ. ಇರುವುದು ಎರಡೇ. ಕಣ್ಣು ತಾನೇ ಮುಚ್ಚಿಕೊಳ್ಳುತ್ತಿತ್ತು, ನೀರು ಗಲ್ಲದ ಮೇಲೆ ಹೋಗುತ್ತಿತ್ತು. ಆಗ ಕೂಗಿದೆನಂತೆ. ನನಗೆ ನೆನಪಿಲ್ಲ.

ಬಂದವಳು ಬದುವಿನ ಆಚೆಯ ಮೆಣಸಿನ ಹೊಲದಾಕೆ, ನನಗಿಂತ ಹತ್ತು ವರ್ಷ ದೊಡ್ಡವಳು. ಕಾಲುವೆ ನೀರಿನ ಸರದಿಗೆ ಜಗಳವಾಗಿ ನಮಗೆ ಎರಡು ವರ್ಷದಿಂದ ಮಾತಿರಲಿಲ್ಲ.

"ಯವ್ವಾ, ಏನಾತ ಲೇ?"

"ತುತ್ತ... ಕಣ್ಣಾಗ..."

"ತಡಿ, ಹರಳೆಣ್ಣಿ ತರ್ತೀನಿ."

"ಎಣ್ಣಿ ಬ್ಯಾಡಕ್ಕಾ. ನೀರು. ಬರೇ ನೀರು." ಪೊಟ್ಟಣದ ಮೇಲೆ ಅಷ್ಟು ಬರೆದದ್ದು ಎಂದೋ ಓದಿದ್ದೆ.

ನನ್ನನ್ನು ನೆಲಕ್ಕೆ ಮಲಗಿಸಿ, ತಲೆ ಎಡಕ್ಕೆ ವಾಲಿಸಿ, ಎರಡು ಬೆರಳಲ್ಲಿ ರೆಪ್ಪೆ ಅಗಲಿಸಿ ಹಿಡಿದಳು. ಮೆಣಸು ಬಿಡಿಸಿದ ಕೈ. ಮೊದಲು ಅದನ್ನು ತೊಳಕೊಂಡಳೋ ಇಲ್ಲವೋ ಎಂಬ ಯೋಚನೆ ಆ ಉರಿಯಲ್ಲೂ ಬಂತು. ತನ್ನ ತೊಟ್ಟಿಯಿಂದ ಕೊಡ ಕೊಡ ತಂದು, ತನ್ನ ಚೊಂಬಿನಿಂದ ಮೊಗೆದು ಸುರಿದಳು. ನಾಲ್ಕನೆಯದೋ ಐದನೆಯದೋ ಕೊಡಕ್ಕೆ ಅಂದಳು: "ನನ್ನ ಪಾಲಿನ ನೀರು ಬಿಡೂದಿಲ್ಲ ಅಂತ ಬಡದಾಡಿದ್ನೆಲ್ಲಾ, ಈಗ ನೋಡು, ಎಲ್ಲಾ ನಿನ್ನ ಕಣ್ಣಿಗೇ ಹೊಂಟೈತಿ."

ನಗು ಬಂತು. ಮೂಗಿಗೆ ನೀರು ಹೋಯಿತು.

ಬಳ್ಳಾರಿಯ ಕಣ್ಣಿನ ಡಾಕ್ಟರು ಕೇಳಿದ ಮೊದಲ ಮಾತು, "ಎಷ್ಟು ತೊಳದ್ರಿ?"

"ಆರು ಕೊಡ."

"ಕೊಡದ ಲೆಕ್ಕ ನನಗ ಬ್ಯಾಡ್ರಿ ಅಮ್ಮಾ, ಹೊತ್ತು ಹೇಳ್ರಿ."

ಅರ್ಧ ತಾಸಾದರೂ ಆಗಿರಬೇಕು ಎಂದೆ. "ಅದ ನಿಮ್ಮನ್ನ ಉಳಿಸೇತಿ ಅನ್ಸತೈತಿ. ಪಟ್ಟಿ ಬಿಚ್ಚಿದ ಮ್ಯಾಲೆ ಖಾತ್ರಿ ಹೇಳ್ತೀನಿ" ಎಂದರು.

ಪಟ್ಟಿ ಕಟ್ಟಿದ್ದ ನಾಲ್ಕು ದಿನ ಮನೆಯಲ್ಲಿ ಮಂದಗಣ್ಣೊಂದೇ. ಉಪ್ಪಿನ ಡಬ್ಬಿಯನ್ನು ಮುಚ್ಚಳದ ನೆಗ್ಗಿನಿಂದ ಗುರುತು ಹಿಡಿದೆ. ಒಲೆ ಹಚ್ಚಲು ಹೆದರಿ ಚುರುಮುರಿ, ಬಾಳೆಹಣ್ಣು ತಿಂದೆ. ಸಿರುಗುಪ್ಪದಿಂದ ತಂಗಿ ಫೋನು ಮಾಡಿದಳು. ಆರಾಮ ಅದೀನಿ ಎಂದೆ. ಹೇಳಿದ್ದರೆ ಓಡಿ ಬರುತ್ತಿದ್ದಳು, ಆಮೇಲೆ ಇಲ್ಲೇ ಬಂದು ಇರು ಎಂದು ಹಟ ಹಿಡಿಯುತ್ತಿದ್ದಳು. ಕಣ್ಣು ಹೋದರೆ ಅಲ್ಲಿಗೇ ಹೋಗಬೇಕಾಗುತ್ತದೆ ಎಂದು ನನಗೂ ಗೊತ್ತಿತ್ತು. ಗೋಡೆಯ ಕ್ಯಾಲೆಂಡರಿನ ಎದುರು ದಿನಕ್ಕೆ ಎಷ್ಟೋ ಸಲ ನಿಂತೆ. ಬಿಳಿ ಚೌಕ, ಅಷ್ಟೇ.

ಐದನೇ ದಿನ ಪಟ್ಟಿ ಬಿಚ್ಚಿದರು. ಮೊದಲು ಮಂಜು. ಆಮೇಲೆ ಎದುರಿನ ಹಲಗೆಯ ಅಕ್ಷರಗಳು ಒಂದೊಂದಾಗಿ ಬಂದವು, ಕಡೆಯ ಸಾಲೊಂದನ್ನು ಬಿಟ್ಟು.

ಆಸ್ಪತ್ರೆಯಿಂದ ನೇರ ಬ್ರೂಸ್‌ಪೇಟೆಯ ಬೆಳೆ ಔಷಧಿಯ ಅಂಗಡಿಗೆ ಹೋದೆ. ನಾವು ಮೊದಲಿನಿಂದಲೂ ತುತ್ತ ಕೊಳ್ಳುವುದು ಅಲ್ಲಿ. ಕಣ್ಣಿಗೆ ಬಿಗಿಯಾಗಿ ಕೂರುವ ಕನ್ನಡಕ, ಮೊಣಕೈತನಕದ ರಬ್ಬರಿನ ಕೈಗವಸು ಕೇಳಿದೆ. ಆದದ್ದನ್ನೆಲ್ಲ ಕೇಳಿ ಅಂಗಡಿಯವರು ತಲೆ ಕೊಡವಿದರು.

"ಇಬ್ರು ಯಾಕ್ರಿ ಬೇಕು? ಸುಣ್ಣದ ನೀರು ಮೊದ್ಲು ಡ್ರಮ್ಮಿಗೆ ಹಾಕ್ರಿ. ತುತ್ತದ್ದು ಸಣ್ಣ ಚೊಂಬಿಲೆ ಸ್ವಲ್ಪ ಸ್ವಲ್ಪ ಬಿಟ್ಕೊಂತ ಕಟ್ಟಿಗಿಲೆ ತಿರುವ್ರಿ. ಒಬ್ರ ಕೆಲಸ ಅದು. ನಿಮ್ಮ ಯಜಮಾನ್ರಿಗೆ ನಾನ ಹೇಳಿದ್ನೆಲ್ರಿ, ಭಾಳ ವರ್ಷಾತು. ನಿಮಗ ಹೇಳಿಲ್ಲೇನು?"

"ಹೇಳಿದ್ರೇನೋ. ನಾನ ಮರ್ತೀನಿ" ಎಂದು ಕನ್ನಡಕ ಚೀಲಕ್ಕೆ ಹಾಕಿಕೊಂಡೆ.

ಯಜಮಾನರು ಹೇಳಿರಲಿಲ್ಲ. ಅಂಥದ್ದನ್ನು ಮರೆಯುವವಳಲ್ಲ ನಾನು.

ಈ ವರ್ಷ ಒಬ್ಬಳೇ ಕಲಸಿದೆ, ಅಂಗಡಿಯವರು ಹೇಳಿದ ಹಾಗೆ. ಕನ್ನಡಕ, ಕೈಗವಸು, ಮೂಗು ಬಾಯಿಗೆ ಅರಿವೆ. ಹೊಲದಾಕೆಯನ್ನು ಮಾತ್ರ ಕರೆದೆ.

"ನಾ ಏನ್ ಮಾಡ್ಲಿ ಹಂಗಾರ?"

"ಕೊಡ ತುಂಬಿ ಬಾಜೂಕ ಇಟ್ಕೊಂಡು ಸುಮ್ನ ಕುಂದ್ರಕ್ಕಾ. ಅಷ್ಟ ಸಾಕು."

"ಈ ಕನ್ನಡಕದಾಗ ಕಪ್ಪಿಯಂಗ ಕಾಣ್ತಿ ಬಿಡು."

ಕುಡುಗೋಲು ಅದ್ದಿದೆ. ಅಲಗು ಬೆಳ್ಳಗೇ ಇತ್ತು. ಕೊಡದ ನೀರು ಖರ್ಚಾಗಲಿಲ್ಲ. ಆಕೆ ಅದನ್ನು ತನ್ನ ಮೆಣಸಿನ ಸಾಲಿಗೆ ಸುರಿದುಕೊಂಡು ಹೋದಳು. ಔಷಧಿ ಹೊಡೆದು ಮುಗಿಸಿ, ಕೈ ಮುಖಕ್ಕೆ ಸಾಬೂನು ಹಚ್ಚಿ ತೊಳೆದು, ಉಟ್ಟ ಬಟ್ಟೆಯನ್ನು ಬೇರೆ ಚೀಲಕ್ಕೆ ತುಂಬಿದೆ. ಬಕೀಟು ತೊಳೆದ ನೀರನ್ನು ಕಾಲುವೆಗೆ ಬಿಡಬಾರದು, ಮೀನು ಸಾಯುತ್ತವೆ. ದೂರದ ಒಣಮಣ್ಣಿಗೆ ಚೆಲ್ಲಿದೆ. ಅವರ ಬಕೀಟು, ನನ್ನ ಬಕೀಟು, ಎರಡನ್ನೂ ಬೋರಲು ಹಾಕಿ ಬಸ್ಸಿಗೆ ಹೊರಟೆ.