ಊಟವಾದ ಮೇಲೆ ಎದ್ದು ನಡೆದವಳು

ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುತ್ತಿದ್ದವಳನ್ನು ನಾವೆಲ್ಲ ಮೈಕಕ್ಕ ಎಂದೇ ಕರೆಯುತ್ತಿದ್ದೆವು. ಗಾಜಿನಾಚೆ ನಿಂತವರಿಗೆ ಕೇಳಲೆಂದು ಇಟ್ಟಿದ್ದ ಮೈಕು ಕೆಟ್ಟಾಗ ಅದನ್ನು ರಿಪೇರಿ ಮಾಡಿಸುವ ಗೋಜಿಗೆ ಕಚೇರಿಯವರು ಹೋಗಲಿಲ್ಲ. ಇವಳ ಗಂಟಲಿರುವಾಗ ಮೈಕು ಯಾಕೆ ಎಂದು ನಕ್ಕು ಸುಮ್ಮನಾದರು. ನಾನು ಪಕ್ಕದ ಕೌಂಟರಿನಲ್ಲಿ ವಿದ್ಯಾರ್ಥಿಗಳಿಗೆ ಪಾಸ್ ಮಾಡಿಕೊಡುವವಳು. ನಮ್ಮಿಬ್ಬರ ನಡುವೆ ಒಂದು ಪ್ಲೈವುಡ್ ಹಲಗೆ ಅಷ್ಟೇ. ಅವಳು ಸೀನಿದರೆ ನನ್ನ ಮೇಜಿನ ಮೇಲಿನ ರಬ್ಬರ್ ಸ್ಟಾಂಪು ಅಲುಗುತ್ತಿತ್ತು.

ಮದುವೆಯಾಗಿ ಬಹಳ ವರ್ಷಗಳಾದ ಮೇಲೆ, ಇನ್ನು ಮಕ್ಕಳಾಗಲಿಕ್ಕಿಲ್ಲ ಎಂದು ಎಲ್ಲರೂ ಆಸೆ ಬಿಟ್ಟ ಹೊತ್ತಿಗೆ, ಅವಳು ಬಸುರಿಯಾದಳು. ಆರನೇ ತಿಂಗಳಲ್ಲಿ ಆಸ್ಪತ್ರೆಯಲ್ಲಿ ಗ್ಲೂಕೋಸ್ ನೀರು ಕುಡಿಸಿ ರಕ್ತ ತೆಗೆದರು. ಸಕ್ಕರೆ ಹೆಚ್ಚಿತ್ತು. ವೈದ್ಯರು ರಿಪೋರ್ಟಿನಿಂದ ತಲೆಯನ್ನೂ ಎತ್ತದೆ ಕೇಳಿದರು: “ಸ್ವೀಟು ಜಾಸ್ತಿ ತಿಂತೀರಾ?”

“ಇಲ್ಲ ಸಾರ್.”

“ಎಲ್ಲರೂ ಹಾಗೇ ಹೇಳ್ತಾರೆ,” ಎಂದು ಪಕ್ಕದ ಕೋಣೆಯತ್ತ ಪೆನ್ನು ತೋರಿಸಿದರು. ಅವಳ ಅಹವಾಲು ಅಲ್ಲಿಗೆ ಮುಗಿಯಿತು.

ಪಕ್ಕದ ಕೋಣೆಯಲ್ಲಿದ್ದ ಆಹಾರ ತಜ್ಞೆ ಮಾತ್ರ ಕೂರಿಸಿಕೊಂಡು ಮಾತಾಡಿದಳಂತೆ. “ಹೊಟ್ಟೇಲಿ ಮಗು ಜೊತೆ ಮಾಸು ಬೆಳೆಯುತ್ತಲ್ಲ, ಅದರಿಂದ ಬರೋ ಹಾರ್ಮೋನು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತೆ ಅಮ್ಮ. ನೀವೇನೂ ತಪ್ಪು ಮಾಡಿಲ್ಲ. ಹಾಗಂತ ಸುಮ್ಮನೆ ಬಿಟ್ಟರೆ ಮಗು ಅತಿ ದಪ್ಪ ಆಗುತ್ತೆ, ಹೆರಿಗೆ ಕಷ್ಟ ಆಗುತ್ತೆ.” ಉಪವಾಸ ಬೇಡ, ಆದರೆ ಒಂದೇ ಸಲಕ್ಕೆ ಹೊಟ್ಟೆ ಬಿರಿಯುವಷ್ಟೂ ಬೇಡ, ತಟ್ಟೆಯ ಅರ್ಧ ತರಕಾರಿ ಇರಲಿ, ಅನ್ನ ಕಡಿಮೆಯಿರಲಿ, ಬೇಳೆಯೋ ಮೊಟ್ಟೆಯೋ ಜೊತೆಗಿರಲಿ, ಹಣ್ಣನ್ನು ಹಿಂಡಿ ಕುಡಿಯುವ ಬದಲು ಸ್ವಲ್ಪವೇ ಕಚ್ಚಿ ತಿನ್ನಲಿ. ಎಲ್ಲಕ್ಕಿಂತ ಮುಖ್ಯ, ಉಂಡ ಮೇಲೆ ಸ್ವಲ್ಪ ಹೊತ್ತು ನಡೆಯಬೇಕು. ನಡೆದರೆ ಮೈಯ ಸ್ನಾಯುಗಳೇ ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ.

ಕೇಳಲಿಕ್ಕೆ ಇದಕ್ಕಿಂತ ಸುಲಭದ್ದು ಏನಿದೆ? ಮಾಡಲು ಹೊರಟಾಗಲೇ ಗೊತ್ತಾದದ್ದು, ಒಬ್ಬ ಬಸುರಿ ಹೆಂಗಸು ಎದ್ದು ನಡೆಯಲು ಎಷ್ಟು ಜನರ ಅಪ್ಪಣೆ ಬೇಕು ಎನ್ನುವುದು.

ಮೊದಲ ಅಡ್ಡಿ ಮನೆಯದೇ. “ಎರಡು ಜೀವಕ್ಕೆ ಉಣ್ಣಬೇಕಾದೋಳು ಒಂದು ಜೀವಕ್ಕೂ ಉಣ್ತಿಲ್ಲ,” ಎಂದು ಅತ್ತೆ ಅವಳ ತಟ್ಟೆಗೆ ಇನ್ನಷ್ಟು ಅನ್ನ ಸುರಿಯುತ್ತಿದ್ದರು. ಅದೇ ಬಾಯಲ್ಲಿ ಪಕ್ಕದ ಮನೆಯವರ ಬಳಿ, “ನಮ್ಮ ಕಡೆ ಯಾರಿಗೂ ಸಕ್ಕರೆ ಕಾಯಿಲೆ ಇಲ್ಲಪ್ಪ. ಇವಳೇ ಕಂಡದ್ದೆಲ್ಲ ತಿಂದು ತಂದ್ಕೊಂಡಿದ್ದು,” ಎನ್ನುತ್ತಿದ್ದರು. ಅವಳು ಉಣ್ಣುವುದು ಕಡಿಮೆಯೋ ಹೆಚ್ಚೋ ಎಂಬುದನ್ನಾದರೂ ಆ ತಾಯಿ ಮೊದಲು ತೀರ್ಮಾನಿಸಬಾರದಿತ್ತೇ?

ಒಂದು ಭಾನುವಾರ ಅತ್ತೆ ದೊಡ್ಡ ಲೋಟದ ತುಂಬ ದ್ರಾಕ್ಷಿ ರಸ ತಂದಿಟ್ಟರು. “ಹಣ್ಣಲ್ವಾ, ಸಕ್ಕರೆ ಎಲ್ಲಿಂದ ಬರುತ್ತೆ?” ಜಗಳ ಬೇಡವೆಂದು ಇವಳು ಕುಡಿದಳು. ಆಮೇಲೆ ಬೆರಳಿಗೆ ಸೂಜಿ ಚುಚ್ಚಿ, ರಕ್ತದ ಹನಿಯನ್ನು ಸಕ್ಕರೆ ಅಳೆಯುವ ಪುಟ್ಟ ಮೀಟರಿಗೆ ಕೊಟ್ಟು, ಏರಿದ್ದ ಅಂಕಿಯನ್ನು ಅತ್ತೆಗೆ ತೋರಿಸಿದಳು.

“ನಿನ್ನ ಮಷಿನ್ನೇ ಸರಿ ಇಲ್ಲ,” ಎಂದರು ಅತ್ತೆ.

ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡನೇ ಅಂದಿನಿಂದ ಅಡುಗೆಮನೆ ಹೊಕ್ಕ. ಗ್ರೀಸಿನ ಕಲೆ ಹೋಗದ ಬೆರಳುಗಳಲ್ಲಿ ಸೊಪ್ಪು ಬಿಡಿಸಿ, ಮೊಟ್ಟೆ ಬೇಯಿಸಿ, ಅವಳ ಡಬ್ಬಿ ತಾನೇ ತುಂಬಿ ಕಳಿಸತೊಡಗಿದ.

ಡಬ್ಬಿ ಸರಿಹೋಯಿತು. ನಡೆಯುವುದು ಎಲ್ಲಿ? ನಮ್ಮ ಕೌಂಟರುಗಳಲ್ಲಿ ಕುರ್ಚಿ ಹಿಂದೆ ಸರಿಸಿದರೆ ಬಾಗಿಲಿಗೆ ತಾಗುತ್ತದೆ. ಊಟದ ವಿರಾಮವೆಂದರೆ ಕಿಟಕಿ ಮುಚ್ಚಿ, ನಾಲ್ಕು ತುತ್ತು ನುಂಗಿ, ಮತ್ತೆ ತೆರೆಯುವುದು. ಮೈಕಕ್ಕ ಉಂಡವಳೇ ಪ್ಲಾಟ್‌ಫಾರ್ಮಿನ ತುದಿಯವರೆಗೆ ಹೋಗಿ ಬರತೊಡಗಿದಳು. ಮೂರನೆಯ ದಿನಕ್ಕೇ ಯಾರೋ ದೂರು ಕೊಟ್ಟರು: ಕ್ಯೂನಲ್ಲಿ ಜನ ಕಾಯುತ್ತಿದ್ದರೆ ಟಿಕೆಟ್ ಕೊಡುವವಳು ಗಾಳಿ ಸೇವನೆಗೆ ಹೋಗುತ್ತಾಳೆ.

ನಿಲ್ದಾಣದ ಅಧಿಕಾರಿ ಕರೆಸಿದರು. ಜೊತೆಗೆ ನಾನೂ ಹೋದೆ.

“ಬಸುರಿ ಅಂದ್ರೆ ಒಂದು ಕಡೆ ಕೂತು ರೆಸ್ಟ್ ತಗೋಬೇಕಮ್ಮ. ಓಡಾಡೋದು ಏನಕ್ಕೆ? ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ.”

“ಆಸ್ಪತ್ರೇಲಿ ನಡೀಬೇಕು ಅಂದಿದ್ದಾರೆ ಸಾರ್. ಚೀಟಿ ತಂದಿದ್ದೀನಿ.”

“ಚೀಟಿ ಇಟ್ಕೋ. ಅಷ್ಟು ಕಷ್ಟ ಆದ್ರೆ ಸಂಬಳ ಇಲ್ಲದ ರಜೆ ಹಾಕು.”

ಇದನ್ನು ಹೇಳಿದವರು ದಿನಕ್ಕೆ ಎಷ್ಟು ಸಲ ಟೀ ಅಂಗಡಿಗೆ ಎದ್ದು ಹೋಗುತ್ತಿದ್ದರು ಎಂಬುದು ಇಡೀ ನಿಲ್ದಾಣಕ್ಕೆ ಗೊತ್ತು. ಅವರದು ಕೆಲಸದ ನಡುವಿನ ಟೀ. ಇವಳದು ಗಾಳಿ ಸೇವನೆ. ನನ್ನ ಮೈ ಉರಿಯಿತು. ಮೈಕಕ್ಕ ಮಾತ್ರ ದನಿ ಎತ್ತಲಿಲ್ಲ.

“ಜನ ಕಾಯಬಾರದು, ಅಷ್ಟೇ ಅಲ್ವಾ ಸಾರ್? ಹಾಗಾದ್ರೆ ಕಂಡಕ್ಟರುಗಳ ಹತ್ರ ಇರೋ ಕೈ ಮಷಿನ್ ಒಂದು ನನಗೂ ಕೊಡಿಸಿ. ಊಟ ಆದ್ಮೇಲೆ ಕ್ಯೂ ಉದ್ದಕ್ಕೂ ನಡ್ಕೊಂಡೇ ಟಿಕೆಟ್ ಕೊಡ್ತೀನಿ.”

“ನಿಯಮದಲ್ಲಿ ಇಲ್ಲ.”

“ಕೂತೇ ಕೊಡಬೇಕು ಅಂತಾನೂ ಇಲ್ವಲ್ಲ.”

ಯೂನಿಯನ್ನಿನವರ ಕಿವಿಗೆ ವಿಷಯ ಬಿದ್ದ ಮೇಲೆ, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೇ ಮಷಿನ್ ಒಂದು ಗೊಣಗಾಟದೊಂದಿಗೆ ಹೊರಬಂತು. ಅದನ್ನು ಕೊರಳಿಗೆ ತಗುಲಿಸಿಕೊಂಡು, ಮುಂದೆ ಬಂದ ಹೊಟ್ಟೆಯ ಮೇಲೆ ಒರಗಿಸಿಕೊಂಡು, ಅವಳು ಪ್ಲಾಟ್‌ಫಾರ್ಮಿನಲ್ಲಿ ಅತ್ತಿಂದಿತ್ತ ನಡೆದಳು. “ಹೊಟ್ಟೆ ಮೇಜಿನ ಕೆಲಸಕ್ಕೂ ಬಂತು ನೋಡು,” ಎಂದು ನನ್ನ ಕಿಟಕಿಯೆದುರು ನಿಂತು ನಕ್ಕಳು. ಊಟದ ನಂತರದ ಸಕ್ಕರೆ ಇಳಿಯಿತು.

ಆದರೆ ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ಇಳಿಯಲಿಲ್ಲ. ಕೆಲವರಿಗೆ ಎಷ್ಟು ಪಥ್ಯ ಮಾಡಿದರೂ, ಎಷ್ಟು ನಡೆದರೂ ಹಾಗಾಗುತ್ತದೆ ಎಂದು ಆಹಾರ ತಜ್ಞೆ ಮೊದಲೇ ಹೇಳಿದ್ದಳು. ಮಲಗುವ ಮುಂಚೆ ಇನ್ಸುಲಿನ್ ಶುರುವಾಯಿತು. ಅಷ್ಟು ಸಾಕಾಯಿತು ಜನಕ್ಕೆ. ಇಷ್ಟೆಲ್ಲ ನಾಟಕ ಮಾಡಿ ಕೊನೆಗೆ ಇಂಜೆಕ್ಷನ್ನೇ ಗತಿಯಾಯಿತಲ್ಲ ಎಂದು ಕೆಲವರು, ಕದ್ದು ತಿಂದಿರಬೇಕು ಎಂದು ಇನ್ನು ಕೆಲವರು. ಅವತ್ತೊಂದು ದಿನ ಮಾತ್ರ ಅವಳು ನನ್ನೆದುರು ಅತ್ತಳು. “ಎಲ್ಲಾ ಮಾಡಿದ್ದೀನಿ ಕಣೇ. ಒಂದು ಬಿಸ್ಕತ್ತೂ ಮುಟ್ಟಿಲ್ಲ. ನನ್ನ ಮೈ ನಾನು ಹೇಳಿದ್ದು ಕೇಳದಿದ್ರೆ ನಾನೇನು ಮಾಡ್ಲಿ?” ಅವಳ ಕೈ ಹಿಡಿದುಕೊಂಡೆ. ಬೆರಳ ತುದಿಗಳೆಲ್ಲ ಚುಚ್ಚಿ ಚುಚ್ಚಿ ಒರಟಾಗಿದ್ದವು.

ಹೆಣ್ಣು ಮಗು ಹುಟ್ಟಿತು, ಹದವಾದ ತೂಕದ, ಗಟ್ಟಿ ಅಳುವಿನ ಮಗು. ಹುಟ್ಟಿದ ತಕ್ಷಣ ಅದರ ಸಕ್ಕರೆಯನ್ನೂ ನೋಡಿದರು, ಸರಿಯಾಗಿತ್ತು. ತಾಯಿಗೆ ಇನ್ಸುಲಿನ್ ನಿಂತಿತು. ಒಂದೂವರೆ ತಿಂಗಳ ನಂತರ ಮಾಡಿದ ಪರೀಕ್ಷೆಯಲ್ಲೂ ತೊಂದರೆ ಕಾಣಲಿಲ್ಲ. ಅತ್ತೆ ತೀರ್ಪು ಕೊಟ್ಟರು: “ನಾನು ಹೇಳ್ಲಿಲ್ವಾ? ಇವಳಿಗೆ ಏನೂ ಆಗಿರ್ಲೇ ಇಲ್ಲ.” ಅಷ್ಟು ತಿಂಗಳು ಬಾಯಿ ಕಟ್ಟಿದ್ದು, ಊದಿದ ಕಾಲಲ್ಲಿ ನಡೆದದ್ದು, ಎಲ್ಲವೂ ಒಂದೇ ಮಾತಿಗೆ ಇಲ್ಲವಾಗಿಬಿಟ್ಟವು. ಚೆನ್ನಾಗಿ ನೋಡಿಕೊಂಡದ್ದರಿಂದಲೇ ಚೆನ್ನಾಗಾಯಿತು ಎಂದು ಒಬ್ಬರ ಬಾಯಲ್ಲೂ ಬರಲಿಲ್ಲ.

ಮುಂದೆ ಖಾಯಂ ಆಗಿ ಸಕ್ಕರೆ ಕಾಯಿಲೆ ಬರುವ ಸಂಭವ ಇಂಥವರಿಗೆ ಹೆಚ್ಚು, ಆಗಾಗ ಪರೀಕ್ಷೆ ಮಾಡಿಸುತ್ತಿರಬೇಕು ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಮಗು ನಡೆಯಲು ಕಲಿತ ಸಮಯಕ್ಕೆ ಅವಳು ಅರ್ಧ ದಿನದ ರಜೆ ಕೇಳಿದಳು.

“ಮಗು ಹುಟ್ಟಿತು, ಕಾಯಿಲೆ ಹೋಯ್ತು. ಇನ್ನೂ ಅದೇ ನೆಪ ಎಷ್ಟು ದಿನಮ್ಮ?” ಎಂದರು ಅಧಿಕಾರಿ.

“ಹೋಯ್ತಾ ಇಲ್ವಾ ಅಂತ ನೋಡೋಕೇ ಹೋಗ್ತಿರೋದು ಸಾರ್,” ಎಂದು ಅವಳು ರಜೆ ಅರ್ಜಿಯನ್ನು ಅವರ ಟೀ ಲೋಟದ ಪಕ್ಕ ಇಟ್ಟು, ಸಹಿಗೆ ಕಾಯದೆ ಹೊರಟಳು. ಆ ಮಧ್ಯಾಹ್ನ ನನ್ನ ಪಾಸಿನ ಕಿಟಕಿ ಮುಚ್ಚಿ ಅವಳ ಜಾಗದಲ್ಲಿ ನಾನು ಕೂತೆ. ಯಾಕೆ ಕೂತೆ ಎಂದು ನನಗೂ ಒಂದು ನೋಟಿಸು ಬಂತು. ಅದಕ್ಕೆ ನಾನಿನ್ನೂ ಉತ್ತರ ಕೊಟ್ಟಿಲ್ಲ, ಕೊಡುವುದೂ ಇಲ್ಲ.