ಉತ್ತರ ಹೇಳಿಕೊಡದ ಅಕ್ಕಾರು

ಯಾರಾದರೂ ಕೆಲಸದ ತೊಂದರೆ ಹೊತ್ತು ತಂದರೆ ಅಕ್ಕಾರು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂರುತ್ತಿದ್ದರು. ದಪ್ಪ ಬೆರಳುಗಳು, ಎಷ್ಟು ತೊಳೆದರೂ ಬಿಡದ ಗ್ರೀಸಿನ ಕಪ್ಪು ಗೆರೆಗಳು. "ಇವು ಸುಮ್ಮನ ಕೂಡೂದಿಲ್ಲ ತಮ್ಮಾ. ಪಾನಾ ಕಂಡ್ರ ಸಾಕು, ನಟ್ ಬಿಚ್ಚಾಕ ಓಡ್ತಾವು" ಎಂದು ನಗುತ್ತಿದ್ದರು.

ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿದ್ದ ನಮ್ಮ ಲಿಫ್ಟ್ ಕಂಪನಿಯ ಸರ್ವಿಸ್ ವಿಭಾಗಕ್ಕೆ ಅವರೇ ಮುಖ್ಯಸ್ಥೆ. ಧಾರವಾಡದವರು. ನಾನು ವಿಜಯಪುರದಿಂದ ಬಂದ ಹೊಸ ಎಂಜಿನಿಯರ್. ಉಳಿದವರಿಗೆಲ್ಲ ಅವರು ಮೇಡಂ, ನನಗೆ ಮಾತ್ರ ಅಕ್ಕಾರು.

ಸೇರಿದ ಹೊಸತರಲ್ಲಿ ಬಾಂದ್ರಾದ ಒಂದು ಬಿಲ್ಡಿಂಗಿನ ಲಿಫ್ಟಿನ ಬಾಗಿಲು ಮುಚ್ಚಿದ ಹಾಗೆ ಮಾಡಿ ಮತ್ತೆ ತೆರೆದುಕೊಳ್ಳುತ್ತಿತ್ತು. ಬೆವರು ಒರೆಸಿಕೊಳ್ಳುತ್ತಾ ಅಕ್ಕಾರಿಗೆ ಫೋನ್ ಮಾಡಿದೆ.

"ಎಲ್ಲಾ ಫ್ಲೋರ್‌ನ್ಯಾಗೂ ಹಿಂಗ ಮಾಡ್ತೈತೇನು?"

"ಇಲ್ರೀ, ಮೂರನೇದ್ರಾಗ ಮಾತ್ರ."

"ಮೂರನೇದ್ರಾಗ ಬ್ಯಾರೇ ಏನೈತಿ?"

ನನಗೆ ಸಿಟ್ಟು ಬಂತು. "ನಿಮಗ ಗೊತ್ತೈತಲ್ರೀ ಅಕ್ಕಾರ, ಹೇಳಿಬಿಡ್ರಿ!"

"ಬಾಗಲಾ ಮುಂದ ನಿಂತಾಂವ ನೀ. ನಾ ಇಲ್ಲಿಂದ ಹೇಳಿದ್ರ ಇವತ್ತ ಲಿಫ್ಟ್ ನಡೀತೈತಿ. ನಾಳೆ ನೀ ನಡೀಬೇಕಲ್ಲ."

ಫೋನ್ ಇಟ್ಟು ಬಗ್ಗಿ ನೋಡಿದೆ. ಆ ಮಹಡಿಯ ಮನೆಯೊಂದರಲ್ಲಿ ನೆಲ ಒಡೆಯುವ ಕೆಲಸ ನಡೆದಿತ್ತು. ಟೈಲ್ಸಿನ ಚೂರೊಂದು ಬಾಗಿಲು ಸರಿಯುವ ಸಂದಿನಲ್ಲಿ ಸಿಕ್ಕಿಕೊಂಡಿತ್ತು. ತೆಗೆದೆ, ಬಾಗಿಲು ಮುಚ್ಚಿತು. ಲೋಕಲ್ ರೈಲಿನ ನೂಕಾಟದಲ್ಲಿ ನಿಂತೇ ಕಾಂದಿವಲಿಗೆ ಮರಳುವಾಗ ಕಾಲಿನ ನೋವೇ ಗೊತ್ತಾಗಲಿಲ್ಲ.

ಎಲ್ಲದಕ್ಕೂ ಪ್ರಶ್ನೆಯೇ ಎಂದಲ್ಲ. ಒಮ್ಮೆ ನಾನು ಕರೆಂಟ್ ತೆಗೆಯದೆ ಪ್ಯಾನೆಲ್‌ಗೆ ಕೈ ಚಾಚಿದಾಗ "ತಗೀ ಕೈ!" ಎಂದು ಬಿಲ್ಡಿಂಗೇ ಕೇಳುವಂತೆ ಕಿರುಚಿದ್ದರು. ಆಮೇಲೆ ನೀರು ಕುಡಿಸಿ, "ಜೀವದ ಮಾತು ಬಂದ್ರ ನಾ ಕೇಳಂಗಿಲ್ಲ, ಹೇಳ್ತೀನಿ" ಎಂದರು.

ಅವರ ಈ ರೀತಿ ಎಲ್ಲರಿಗೂ ಹಿಡಿಸುತ್ತಿರಲಿಲ್ಲ. ಕಲಿಸುತ್ತ ಕೂತರೆ ಕೆಲಸ ಆಗುವುದು ಯಾವಾಗ ಎಂದು ಮಾಲೀಕರು ಗೊಣಗುತ್ತಿದ್ದರು. ವಿಲೆ ಪಾರ್ಲೆಯಲ್ಲಿ ಅದು ನೇರ ಮುಖಾಮುಖಿಗೇ ಬಂತು.

ಅಲ್ಲಿನ ಹಳೆಯ ಹೌಸಿಂಗ್ ಸೊಸೈಟಿಯೊಂದಕ್ಕೆ ಹೊಸ ಲಿಫ್ಟ್ ಕೂರಿಸುವ ಹೊಣೆ ನನ್ನದಾಗಿತ್ತು. ಮೇಲಿನ ಮಹಡಿಯಲ್ಲಿ ಗಾಲಿಕುರ್ಚಿಯ ಮೇಲಿನ ಒಬ್ಬ ಮರಾಠಿ ಅಜ್ಜಿ, ಎಲ್ಲರ ಆಜಿ, ಇದ್ದರು. ಹಳೆಯ ಲಿಫ್ಟ್ ತೆಗೆದಂದಿನಿಂದ ಅವರು ಕೆಳಗಿಳಿದಿರಲಿಲ್ಲ. ಲಿಫ್ಟ್ ಒಪ್ಪಿಸುವ ದಿನ ಪೂಜೆಯಾಯಿತು, ತೆಂಗಿನಕಾಯಿ ಒಡೆದದ್ದಾಯಿತು. ಮೊದಲ ಸವಾರಿ ಆಜಿಯದೇ ಎಂದು ಎಲ್ಲರೂ ಮೇಲೆ ಸೇರಿದರು. ಬಾಗಿಲು ತೆರೆಯಿತು. ಲಿಫ್ಟ್ ನೆಲಕ್ಕಿಂತ ಹೆಬ್ಬೆರಳಿನಷ್ಟು ಕೆಳಗೆ ನಿಂತಿತ್ತು. ಕುರ್ಚಿಯ ಮುಂದಿನ ಗಾಲಿ ಧಡ್ ಎಂದು ಇಳಿಯಿತು. ಆಜಿ ಮುಂದಕ್ಕೆ ವಾಲಿದರು, ಮಗಳು ಗಾಬರಿಯಿಂದ ಹಿಂದಕ್ಕೆಳೆದುಕೊಂಡಳು.

ಸೊಸೈಟಿಯವರು ಗಲಾಟೆ ಎಬ್ಬಿಸಿದರು. ಮಾಲೀಕರ ಮುಖ ಕೆಂಪಾಯಿತು. "ಮೇಡಂ, ಆಪ್ ಖುದ್ ಕರೋ! ಇಸ್ಕೋ ಹಟಾವೋ!" ಎಂದು, ನನ್ನನ್ನು ಸರಿಸಿ ಅಕ್ಕಾರೇ ಮಾಡಲಿ ಎಂಬಂತೆ ನನ್ನತ್ತ ಬೆರಳು ತೋರಿಸಿದರು.

ನಾನು ಪಾನಾ ಅಕ್ಕಾರಿಗೆ ಕೊಡಲು ಹೋದೆ. ಅವರು ಮುಟ್ಟಲಿಲ್ಲ. "ಲಿಫ್ಟ್ ಇವನದು ಸರ್. ಇವನೇ ಮಾಡ್ತಾನೆ. ಆಗದಿದ್ದರೆ ನಾಳೆಯಿಂದ ನಾನೇ ಬರುವುದಿಲ್ಲ" ಎಂದು ಹಿಂದಿಯಲ್ಲಿ ಮೆಲ್ಲಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಿನ್ನೆ ಸರೀ ನಿಂದರತಿತ್ತಲ್ಲ ತಮ್ಮಾ? ನಿನ್ನೆಗೂ ಇವತ್ತಿಗೂ ಏನ್ ಬದಲಾಗೈತಿ?"

ಇಷ್ಟೇ. ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಅಕ್ಕಾರ ನೌಕರಿ ಈಗ ನನ್ನ ಕೈಯಲ್ಲಿತ್ತು. ನನ್ನಿಬ್ಬರು ಮೆಕ್ಯಾನಿಕ್‌ಗಳ ಮೇಲೆ ರೇಗಬೇಕೆನಿಸಿತು. ರೇಗದೆ, ಅದೇ ಪ್ರಶ್ನೆಯನ್ನು ಅವರಿಗೂ ಕೇಳಿದೆ. ಮೂವರೂ ಒಳಗೆ ನಿಂತು ಒಂದೊಂದೇ ನೋಡತೊಡಗಿದೆವು. ಮೋಟಾರು ಅದೇ, ಹಗ್ಗ ಅದೇ. ಆಗ ನನ್ನ ಬೂಟಿನಡಿಯ ಹೊಳಪು ಕಣ್ಣಿಗೆ ಬಿತ್ತು. ಹಿಂದಿನ ಸಂಜೆ, ನಾವು ಹೋದ ಮೇಲೆ, ಅಂದಕ್ಕೆಂದು ಸೊಸೈಟಿಯವರು ಲಿಫ್ಟಿನೊಳಗೆ ಗ್ರಾನೈಟ್ ಹಾಸಿಸಿದ್ದರು! ಆ ಭಾರಕ್ಕೆ ಲಿಫ್ಟ್ ಕೆಳಗೆ ಜಗ್ಗುತ್ತಿತ್ತು. ಕರೆಂಟ್ ತೆಗೆದೆವು. ಲಿಫ್ಟಿಗೆ ಸಮತೂಕವಾಗಿ ಇನ್ನೊಂದು ಬದಿಗೆ ಜೋತುಬಿಡುವ ಕಬ್ಬಿಣದ ತುಂಡುಗಳನ್ನು ಹೆಚ್ಚಿಸಿದೆವು, ಬ್ರೇಕ್ ಸರಿಪಡಿಸಿದೆವು.

ಮಧ್ಯಾಹ್ನದ ಊಟದ ಹೊತ್ತಿಗೆ ಬಾಗಿಲು ಮತ್ತೆ ತೆರೆಯಿತು. ಒಳಗಿನ ನೆಲ, ಹೊರಗಿನ ನೆಲ ಒಂದೇ ಸಮ. ಗಾಲಿಕುರ್ಚಿ ಸದ್ದಿಲ್ಲದೆ ಒಳಗೆ ಜಾರಿತು. ಕೆಳಗೆ ಬಾಗಿಲು ತೆರೆದಾಗ ಆಜಿ ಮಗಳಿಗೆ, "ಮಲಾ ರಸ್ತ್ಯಾವರ್ ನೇ" ಎಂದರು. ರಸ್ತೆಗೆ ಕರೆದೊಯ್ದಳು. ಹೂವಿನವಳು, ರಿಕ್ಷಾ, ಹಾರ್ನ್ ಎಲ್ಲದರ ನಡುವೆ ಆಜಿ ಎರಡೂ ಕೈ ಮೇಲೆತ್ತಿ ನಕ್ಕರು. ಗಲಾಟೆ ಮಾಡಿದವರೇ ಚಪ್ಪಾಳೆ ಹೊಡೆದರು.

"ನೀವೇ ಮಾಡಿದ್ದರೆ ಬೇಗ ಆಗುತ್ತಿತ್ತಲ್ಲವೇ?" ಎಂದರು ಮಾಲೀಕರು, ಸ್ವಲ್ಪ ಮೆತ್ತಗಾಗಿ.

"ಆಗ್ತಿತ್ತು ಸರ್. ಆದರೆ ನಿಮ್ಮಲ್ಲಿ ಒಬ್ಬಳೇ ಎಂಜಿನಿಯರ್ ಉಳೀತಿದ್ದಳು" ಎಂದರು ಅಕ್ಕಾರು. ಆ ಮಾತಿಗೆ ಮಾಲೀಕರು ಮೊದಲ ಸಲ ನನ್ನ ಕೈ ಕುಲುಕಿದರು.

ಅಕ್ಕಾರು ನಿವೃತ್ತರಾದಾಗ ಆ ಕುರ್ಚಿಗೆ ಹೊರಗಿನವರನ್ನು ಹುಡುಕಬೇಕಾಗಲಿಲ್ಲ. ನಾನು ಕೂತೆ. ನಾನಲ್ಲದಿದ್ದರೆ ಕೂರಬಲ್ಲವರು ಇನ್ನೂ ಕೆಲವರಿದ್ದರು. ಎಲ್ಲರೂ ಅಕ್ಕಾರ ಕೈಯಲ್ಲೇ ಬೆಳೆದವರು.

ಹೋದ ವಾರ ಧಾರವಾಡಕ್ಕೆ ಫೋನ್ ಮಾಡಿದ್ದೆ.

"ಏನಾತೋ ತಮ್ಮಾ, ಯಾವ ಲಿಫ್ಟ್ ನಿಂತೈತಿ?"

"ಯಾವುದೂ ನಿಂತಿಲ್ರೀ ಅಕ್ಕಾರ. ಸುಮ್ಮನ ಮಾತಾಡಬೇಕನಸ್ತು."

ಆ ಕಡೆಯಿಂದ ದೊಡ್ಡ ನಗು. "ಹಂಗಾರ ನಾ ಪಾಸಾದೆ ನೋಡು!"