ಬಲಿಯದ ಗೋಡೆ

ಅಗರದ ಪುಟ್ಟಸಿದ್ದಯ್ಯ ಬಾವಿ ತೋಡುವುದರಲ್ಲಿ ಎತ್ತಿದ ಕೈ. ಆಳಕ್ಕೆ ಹೋದಂತೆ ಸುತ್ತಲಿನ ಮಣ್ಣು ಕುಸಿಯದ ಹಾಗೆ ಕಾಂಕ್ರೀಟಿನ ಗೋಡೆ ಕಟ್ಟುವುದನ್ನೂ ಕಲಿತಿದ್ದ. ೧೯೬೮ರಲ್ಲಿ ಹನೂರಿನ ಬಳಿ ಕುಡಿಯುವ ನೀರಿನ ದೊಡ್ಡ ಬಾವಿಯ ಕೆಲಸಕ್ಕೆ ಓವರ್‌ಸೀಯರು ಅವನನ್ನೇ ಮೇಸ್ತ್ರಿ ಮಾಡಿದರು. ತಂಗಿ ಚೆಲುವಮ್ಮನ ಗಂಡ ಮಾದಣ್ಣನನ್ನೂ ಅವನು ಜೊತೆಗೆ ಕರೆದೊಯ್ದ.

ಐದಡಿ ಅಗೆಯುವುದು, ಒಳಗಡೆ ಹಲಗೆ ನಿಲ್ಲಿಸಿ ಹಲಗೆಗೂ ಮಣ್ಣಿಗೂ ನಡುವೆ ಕಾಂಕ್ರೀಟು ತುಂಬುವುದು, ಏಳು ದಿನ ನೀರುಣಿಸಿ ಅದು ಬಲಿತ ಮೇಲೆ ಕೆಳಗಿನ ಐದಡಿಗೆ ಇಳಿಯುವುದು. ಮೂರು ಸುತ್ತು ಹಾಗೆಯೇ ಮುಗಿಯಿತು. ನಾಲ್ಕನೆಯದು ಸಡಿಲ ಮಣ್ಣು. ಕಾಂಕ್ರೀಟು ಹಾಕಿದ ಎರಡನೇ ದಿನ ಬೆಟ್ಟದ ಕಡೆ ಮೋಡ ಕಟ್ಟಿತು.

“ಅಲಗೆ ಬಿಚ್ಚು ಮಾದಣ್ಣ. ಇನ್ನೈದಡಿಗೆ ಬಂಡೆ ಸಿಕ್ತದೆ. ಮಳೆ ಬರೋಕ್ ಮುಂಚೆ ಮುಗ್ಸುವ,” ಎಂದ ಪುಟ್ಟಸಿದ್ದಯ್ಯ.

“ಇನ್ನೂ ಅಸಿ ಅದೆ ಬಾವ.”

“ನಾನಿವ್ನಿ, ಬಿಚ್ಚು.”

ಮಾದಣ್ಣ ಹಲಗೆ ಬಿಚ್ಚಿ ಬುಡ ಅಗೆಯುತ್ತಿದ್ದಾಗ ಗೋಡೆ ಒಳಕ್ಕೆ ಉಬ್ಬಿತು. ಮೇಲಿದ್ದವರು ಹಗ್ಗ ಎಸೆಯುವಷ್ಟರಲ್ಲಿ ಮಣ್ಣು ಅವನನ್ನು ಮುಚ್ಚಿತ್ತು. ಸಂಜೆಗೆ ಹೆಣ ಸಿಕ್ಕಿತು. ಅಂದು ಮಳೆ ಬರಲೇ ಇಲ್ಲ.

ಮಣ್ಣು ಜಾರಿತು, ಯಾರ ತಪ್ಪೂ ಇಲ್ಲ ಎಂದರು ಎಲ್ಲರೂ. ಕೊಳ್ಳೇಗಾಲದಿಂದ ವಿಚಾರಣೆಗೆ ಬಂದವರು ಹಾಗೆಯೇ ಬರೆದುಕೊಳ್ಳುತ್ತಿದ್ದರು. ಪುಟ್ಟಸಿದ್ದಯ್ಯ ಎದ್ದು ನಿಂತ.

“ಮಣ್ಣಿಂದಲ್ಲ ಸಾ. ಅಲಗೆ ಬಿಚ್ಸಿದ್ದು ನಾನು. ಇನ್ನೂ ಐದ್ ದಿನ ಬುಡ್ಬೇಕಾಗಿತ್ತು.”

ಆರು ತಿಂಗಳ ಸಜೆಯಾಯಿತು. ಬಿಡುಗಡೆಯಾದ ದಿನ ನೇರ ತಂಗಿಯ ಮನೆಗೆ ಹೋದ. ರಾಗಿ ಬೀಸುತ್ತಿದ್ದ ಚೆಲುವಮ್ಮ ಕಲ್ಲು ನಿಲ್ಲಿಸಲಿಲ್ಲ.

“ಮಣ್ಣು ಅಂದ್ಕಂಡು ಎಂಗೋ ಇದ್ನಲ್ಲಣ್ಣ. ಯಾಕ್ ಯೋಳ್ದೆ?”

“ಸುಳ್ಳೇಳಿ ನಿನ್ ಮನೇಲಿ ಉಣ್ಣೋಕಾಯ್ತಿತ್ತಾ ನಂಗೆ?”

“ಈಗ್ಲೂ ಉಣ್ಣೋಕಾಗಕಿಲ್ಲ ಬುಡು. ಓಗು.”

ಅವನು ಊರು ಬಿಟ್ಟು ಹೂಗ್ಯಂ ಕಡೆ ಕೂಲಿಗೆ ಹೋದ. ಮತ್ತೆ ಮೇಸ್ತ್ರಿಯಾಗಲು ಒಪ್ಪಲಿಲ್ಲ. ಎಲ್ಲಿ ಬಾವಿಗೆ ಗೋಡೆ ಏಳುತ್ತಿದ್ದರೂ ಗೋಣಿಚೀಲ ನೆನೆಸಿ ಹೊದಿಸುತ್ತ ಅಲ್ಲೇ ಕೂತಿರುತ್ತಿದ್ದ. ದಿನ ತುಂಬುವ ಮೊದಲು ಹಲಗೆ ಮುಟ್ಟಲು ಯಾರನ್ನೂ ಬಿಡುತ್ತಿರಲಿಲ್ಲ. ಜನ ಬೈದರೂ ಏಳುತ್ತಿರಲಿಲ್ಲ.

ಪ್ರತಿ ಯುಗಾದಿಗೆ ತಂಗಿಗೊಂದು ಸೀರೆ ಕಳಿಸುತ್ತಿದ್ದ. ನಾಲ್ಕು ವರ್ಷ ಅದು ಮಡಿಕೆ ಮುರಿಯದೆ ವಾಪಸು ಬಂತು. ಐದನೇ ವರ್ಷ ಬರಲಿಲ್ಲ. ಉಟ್ಟಳೋ, ಯಾರಿಗಾದರೂ ಕೊಟ್ಟುಬಿಟ್ಟಳೋ, ಕೇಳುವ ಧೈರ್ಯ ಅವನಿಗಾಗಲಿಲ್ಲ.